ಗಾಳಿಯಮ್ಮ

ವಾರ್ಡಿಗೆ ಕಾಲಿಟ್ಟೊಡನೆ ಅವರು ನೋಡುತ್ತಿದ್ದುದು ರೋಗಿಗಳ ಮುಖವನ್ನಲ್ಲ, ಕಿಟಕಿಯ ಸರಳಿಗೆ ಕಟ್ಟಿದ ಬ್ಯಾಂಡೇಜ್ ಬಟ್ಟೆಯ ತುಂಡನ್ನು. ಅದು ಹೊರಮುಖವಾಗಿ ಹಾರಾಡುತ್ತಿದ್ದರೆ ಸಮಾಧಾನ. ಜೋತುಬಿದ್ದಿದ್ದರೆ, ಚಳಿಗೆ ಹೆದರಿ ಯಾರೋ ಎದುರಿನ ಕಿಟಕಿ ಮುಚ್ಚಿದ್ದಾರೆಂದು ಊಹಿಸಿ, ಎಡಗಾಲನ್ನು ತುಸು ಎಳೆಯುತ್ತಲೇ ಅತ್ತ ಧಾವಿಸುವರು. ಕ್ಷಯರೋಗಿಗಳ ವಾರ್ಡಿನ ಈ ಹಿರಿಯ ನರ್ಸಿಗೆ ನಾವು ಬೆನ್ನ ಹಿಂದೆ ಇಟ್ಟ ಹೆಸರು ಗಾಳಿಯಮ್ಮ. ನಮಗೆಲ್ಲ ಗಾಳಿಯನ್ನು ಧಾರಾಳವಾಗಿ ಬಡಿಸಿ, ತಾವು ಮಾತ್ರ ಬೇಸಿಗೆಯಲ್ಲೂ ಮೊಣಕೈ ಸವೆದ ಕಂದು ಸ್ವೆಟರಿನೊಳಗೆ ಹುದುಗಿರುತ್ತಿದ್ದರು.

"ನಿಮಗೊಬ್ಬರಿಗೇನಾ ಸಿಸ್ಟರ್ ಚಳಿ?" ಎಂದು ಪಕ್ಕದ ಹಾಸಿಗೆಯ ದರ್ಜಿಯಮ್ಮ ಕೆಣಕುವಳು.

"ಚಳಿಗೆ ಕಂಬಳಿ ಇದೆ ಕಣಮ್ಮ. ನೀನು ಕೆಮ್ಮಿದ ಗಾಳಿಗೆ ಕಿಟಕಿ ಬಿಟ್ರೆ ಬೇರೆ ದಾರಿ ಇದ್ಯಾ?"

ನನಗೆ ಕ್ಷಯದ ಜೊತೆಗೆ ಎಚ್‌ಐವಿಯೂ ಇತ್ತು. ಅದರ ಮಾತ್ರೆಗಾಗಿ ಆಗ ಅಂಗಳದಾಚೆಯ ಕಟ್ಟಡದ ಮೆಟ್ಟಿಲು ಹತ್ತಬೇಕಿತ್ತು. ಹತ್ತುವವರನ್ನು ಕಂಡವರಿಗೆ ಬಾಯಿಬಿಟ್ಟು ಹೇಳಬೇಕಾದುದೇನೂ ಉಳಿಯುತ್ತಿರಲಿಲ್ಲ. ನಾನು ಅರ್ಧ ಮೆಟ್ಟಿಲಲ್ಲೇ ಹಿಂದಿರುಗಿದ ದಿನ ಗಾಳಿಯಮ್ಮ ವೈದ್ಯರೆದುರು ನಿಂತು, "ಕಾಯಿಲೆ ಎರಡಾದ್ರೂ ಹೊಟ್ಟೆ ಒಂದೇ ಅಲ್ವಾ ಸಾರ್?" ಎಂದರು. ವೈದ್ಯರು ನಕ್ಕರು, ಅವರು ನಗಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಎರಡೂ ಮಾತ್ರೆಗಳು ವಾರ್ಡಿನ ಒಂದೇ ಮೇಜಿಗೆ ಬಂದವು.

ಆದರೆ ನನ್ನ ಸಂಕಟ ಮಾತ್ರೆಗೆ ಬಗ್ಗುವಂಥದಲ್ಲ. ಅಮ್ಮನ ಮಡಿಲಲ್ಲಿ ಬಿಟ್ಟುಬಂದ ಮಗಳಿಗೆ ಆಗತಾನೇ ಹಲ್ಲು ಮೂಡುತ್ತಿತ್ತು. ಉಂಡಳೋ, ಜ್ವರ ಬಂತೋ, ನನ್ನನ್ನು ಮರೆತಳೋ! ಅವಳಿಗೇನೂ ಅಂಟಿಲ್ಲವೆಂದು ಪರೀಕ್ಷೆಯಲ್ಲಿ ತಿಳಿದ ಮೇಲಂತೂ ನನ್ನ ನೆರಳೂ ಅವಳಿಗೆ ಸೋಕಬಾರದೆಂಬ ಭಯ. ನನ್ನ ಕಫದಲ್ಲಿ ಈಗ ರೋಗಾಣುವಿಲ್ಲ, ಮಗುವನ್ನು ನೋಡಬಹುದು ಎಂದು ವೈದ್ಯರು ಹೇಳಿದರೂ ಕರೆಸುವುದು ಬೇಡವೆಂದು ಹಟ ಹಿಡಿದೆ. ಹಟದಲ್ಲಿ ಗಾಳಿಯಮ್ಮ ನನಗಿಂತ ಪಳಗಿದವರು.

ಅಂಗಳದ ಬೆಂಚಿನ ತುದಿಗೂ ಒಂದು ಬಟ್ಟೆಯ ತುಂಡು ಕಟ್ಟಿ, ಅದು ಹಾರಿದ ದಿಕ್ಕಿನಲ್ಲಿ ನನ್ನನ್ನೂ ಗಾಳಿ ಬೀಸಿಬರುವ ಎದುರು ಬದಿಯಲ್ಲಿ ಮಗುವನ್ನೆತ್ತಿಕೊಂಡ ಅಮ್ಮನನ್ನೂ ಕೂರಿಸಿದರು. ಮುಖಕ್ಕೆ ಮಾಸ್ಕ್ ಇದ್ದರೂ ನಾನು ಉಸಿರು ಬಿಗಿಹಿಡಿದಿದ್ದೆ.

"ಉಸಿರಾಡೇ ತಾಯಿ. ನೀನು ತಲೆ ಸುತ್ತಿ ಬಿದ್ರೆ ನಿನ್ನನ್ನೆತ್ತಲೋ, ಮಗುನ ಎತ್ತಲೋ?"

ಕೈಚಾಚಿದೆ. ಮಗಳು ಮುಖ ತಿರುಗಿಸಿ ಅಜ್ಜಿಯ ಕೊರಳಿಗೆ ಅಂಟಿಕೊಂಡಳು.

"ಮರೆತೇಬಿಟ್ಟಿದ್ದಾಳೆ," ಎಂದೆ.

"ಮರೆತಿಲ್ಲ, ಮುನಿಸ್ಕೊಂಡಿದ್ದಾಳೆ. ಮರೆತ ಮಗು ಹೀಗೆ ಕದ್ದು ಕದ್ದು ನೋಡತ್ತಾ?"

ನಿಜ, ಅಜ್ಜಿಯ ಹೆಗಲ ಮೇಲಿಂದ ಎರಡು ಕಣ್ಣು ನನ್ನನ್ನು ಅಳೆಯುತ್ತಿದ್ದವು. ಅಂದು ಅವಳು ನನ್ನ ತೋಳಿಗೆ ಬರಲಿಲ್ಲ. ಬರುವವರೆಗೂ ಗಾಳಿಯಮ್ಮ ವಾರ ವಾರವೂ ಆ ಬೆಂಚು ಸಿದ್ಧಗೊಳಿಸಿದರು.

ಹತ್ತಿರ ಬರಬೇಡ ಎನ್ನುವವರು ಊರ ತುಂಬ ಇದ್ದಾರೆ. ಎಲ್ಲಿಯವರೆಗೆ ಬರಬಹುದೆಂದು ಅಳೆದು, ಅಲ್ಲೊಂದು ಆಸನ ಹಾಕಿಕೊಡುವವರು ಅಪರೂಪ. ಅಂಥವರು ನಮ್ಮ ಹಂಬಲವನ್ನು ತಣಿಸಲಾರರು. ಆದರೆ ಅದು ಬಾಗಿಲಾಚೆ ನಿಂತೇ ಸೋಲದಂತೆ ನೋಡಿಕೊಳ್ಳುತ್ತಾರೆ.