ಮೊಗ್ಗಿನ ಜಡೆಯಿಲ್ಲದ ಫೋಟೋ

ಏಪ್ರಿಲ್ ತಿಂಗಳ ಬೆಳಗಿನ ಬಿಸಿಲು ಇನ್ನೂ ಬೀದಿಗೆ ಇಳಿದಿರಲಿಲ್ಲ. ಚಾಮರಾಜಪೇಟೆಯ ಮನೆಯ ಜಗಲಿಯ ಮೇಲೆ ಗಿರಿಜಾಂಬಾ ಒದ್ದೆ ಬಟ್ಟೆ ಹಾಸಿ, ಗಾಂಧಿಬಜಾರಿನಿಂದ ತಂದ ಮಲ್ಲಿಗೆ ಮೊಗ್ಗುಗಳನ್ನು ಹರಡಿಕೊಂಡು ಕೂತಿದ್ದರು. ತೊಡೆಯ ಮೇಲೆ ಚೌರಿ ಕೂದಲಿನ ಉದ್ದನೆಯ ಜಡೆ. ಅದಕ್ಕೆ ಬಾಳೆಪಟ್ಟೆ ಕಟ್ಟಿ, ಸೂಜಿಯಿಂದ ಸಾಲು ಸಾಲಾಗಿ ಮೊಗ್ಗು ಹೊಲಿಯುತ್ತಿದ್ದರು.

“ಯಾರಿಗೆ ಗಿರಿಜಮ್ಮ, ಜಡೆ?” ಎದುರುಮನೆಯ ಶಿವಕುಮಾರಿ ರಂಗೋಲಿ ಡಬ್ಬಿ ಹಿಡಿದೇ ಕೇಳಿದರು.

“ನಮ್ಮ ಆರಾಧನಾಗೆ.”

“ಶಿವಮೊಗ್ಗದಿಂದ ಬಂದ್ಲಾ? ಸ್ಕೂಲು ಗೀಲು ಬಿಟ್ಟು ಅದೇನ್ರೀ ಅಷ್ಟು ದಿನ ತಾಯಿಮನೆ ಕಡೆ!”

“ಇಲ್ಲ, ಅಲ್ಲೇ ಇದಾಳೆ. ಯಾರೋ ಆ ಕಡೆ ಹೋಗೋರಿದ್ರು. ಕೊಟ್ಟು ಕಳಿಸೋಣ ಅಂತ.”

“ಚೆನ್ನಾಗಿದೆ! ಶಿವಮೊಗ್ಗ ಮುಟ್ಟೋ ಹೊತ್ತಿಗೆ ನಿಮ್ಮ ಮೊಗ್ಗೆಲ್ಲ ಅರಳಿ ಮೂಗು ಮುರೀತಿರತ್ತೆ,” ಎಂದು ಶಿವಕುಮಾರಿ ನಕ್ಕು ಒಳಗೆ ಹೋದರು. ಗಿರಿಜಾಂಬಾ ತಲೆ ತಗ್ಗಿಸಿ ಹೊಲಿಗೆ ಮುಂದುವರಿಸಿದರು.

ಆರಾಧನಾ ಶಿವಮೊಗ್ಗದಲ್ಲಿರಲಿಲ್ಲ. ಇದೇ ಊರಿನ ದೊಡ್ಡ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿದ್ದಳು. ಎಂಟು ವರ್ಷದ ಮೊಮ್ಮಗಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ ಗಿರಿಜಾಂಬಾ ಮಗ ಸೊಸೆಯರಿಗೆ ಹೇಳಿದ್ದು ಒಂದೇ ಮಾತು: “ಬೀದಿಯವರ ಬಾಯಿಗೆ ಬೀಳೋದು ಬೇಡ. ನಾಳೆ ಹುಡುಗಿಗೆ ಮದುವೆ ಆಗಬೇಕು.” ಔಷಧಿಯ ಕಾವಿಗೆ ಕೂದಲೆಲ್ಲ ಉದುರಿದ ಮೇಲೆ ಅವರು ಇನ್ನೂ ಕುಗ್ಗಿಹೋದರು. ಬೇಸಿಗೆ ಬಂತೆಂದರೆ ಆ ಬೀದಿಯ ಹೆಣ್ಣುಮಕ್ಕಳಿಗೆಲ್ಲ ಮೊಗ್ಗಿನ ಜಡೆ ಹಾಕಿದ ಕೈ ಅದು. ಜಡೆ ಹಾಕಿಸಿಕೊಂಡ ಹುಡುಗಿಯರು ನೇರವಾಗಿ ಮೂಲೆಯ ವೆಂಕಟಾಚಲ ಅವರ ಸ್ಟುಡಿಯೋಗೆ ಹೋಗಿ, ಬೆನ್ನ ಹಿಂದೆ ಕನ್ನಡಿ ಇಡಿಸಿಕೊಂಡು, ಜಡೆಯೂ ಮುಖವೂ ಎರಡೂ ಕಾಣುವಂತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಈ ವರ್ಷ ಆರಾಧನಾಳ ಸರದಿ ಇತ್ತು.

ವೆಂಕಟಾಚಲ ಈಗಿಲ್ಲ. ಅವರ ಮಗಳು ಸುಪ್ರಜಾ ಸ್ಟುಡಿಯೋ ನಡೆಸುತ್ತಾಳೆ. ಪ್ರತಿ ಗುರುವಾರ ಬಾಗಿಲು ಹಾಕಿಕೊಂಡು, ಕ್ಯಾಮೆರಾ ಹೆಗಲಿಗೇರಿಸಿ ಅದೇ ಮಕ್ಕಳ ವಾರ್ಡಿಗೆ ಹೋಗುತ್ತಾಳೆ. ಲಗ್ನದ ಕಾಲದಲ್ಲೂ ಗುರುವಾರದ ಮದುವೆ ಒಪ್ಪುವುದಿಲ್ಲ. “ಸಾಲಿಗ್ರಾಮದ ಹಾಗೆ ಗುರುವಾರ ಹಿಡ್ಕೊಂಡಿದಾಳೆ,” ಎಂದು ಪೇಟೆಯವರು ಆಡಿಕೊಳ್ಳುತ್ತಿದ್ದರು. ವಾರ್ಡಿನಲ್ಲಿ ಆರಾಧನಾಳನ್ನು ಕಂಡಾಗ ಅವಳು ಬೀದಿಯಲ್ಲಿ ಯಾರಿಗೂ ಬಾಯಿಬಿಡಲಿಲ್ಲ. ಫೋಟೋ ತೆಗೆಯಲೇ ಎಂದು ತಾಯಿ ಕೋಕಿಲಾಳನ್ನು ಮಾತ್ರ ಕೇಳಿದಳು. ತಲೆಯ ಸ್ಕಾರ್ಫಿಗೆ ಜಡೆ ಸಿಕ್ಕಿಸುವುದಾದರೆ ಆಗಲಿ ಎಂದು ಗಿರಿಜಾಂಬಾ ಅರೆಮನಸ್ಸಿನಿಂದ ಒಪ್ಪಿದ್ದರು.

ಆ ಗುರುವಾರ ಗಿರಿಜಾಂಬಾ ಜಡೆಯನ್ನು ಬಾಳೆಎಲೆಯಲ್ಲಿ ಸುತ್ತಿಕೊಂಡು ವಾರ್ಡಿನ ಬಾಗಿಲಿಗೆ ಬಂದಾಗ ನರ್ಸ್ ತಡೆದಳು.

“ಅಜ್ಜಿ, ಹೂವು ಒಳಗೆ ಬಿಡಲ್ಲ. ಹೂವಿನಿಂದ ಈ ಮಕ್ಕಳಿಗೆ ಸೋಂಕು ತಗುಲತ್ತೆ.”

“ಈಗ ತಾನೇ ಕಟ್ಟಿದ್ದಮ್ಮಾ. ಸ್ನಾನ ಮಾಡಿ, ಮಡಿಯಲ್ಲಿ ಕಟ್ಟಿದೀನಿ.”

“ನಿಮ್ಮ ಮಡಿ ನನಗೆ ಅರ್ಥ ಆಗತ್ತೆ. ಕಾಯಿಲೆಗೆ ಅರ್ಥ ಆಗಲ್ವಲ್ಲ,” ಎಂದಳು ನರ್ಸ್, ಸ್ವಲ್ಪವೂ ಗದರದೆ. ಪೊಟ್ಟಣವನ್ನು ತಾನೇ ಎರಡೂ ಕೈಯಲ್ಲಿ ತೆಗೆದುಕೊಂಡು ಹೊರಗಿನ ಕಿಟಕಿಯ ನೆರಳಿನಲ್ಲಿಟ್ಟಳು.

ಒಳಗೆ ಸುಪ್ರಜಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮೂಗು ಬಾಯಿಗೆ ಬಟ್ಟೆ ಕಟ್ಟಿದ್ದಳು, ಮೊಣಕೈವರೆಗೆ ತೊಳೆದ ಕೈ ಇನ್ನೂ ಒದ್ದೆಯಾಗಿತ್ತು. ಕ್ಯಾಮೆರಾವನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಮೊದಲು ಆರಾಧನಾಳ ಕೈಗೇ ಕೊಟ್ಟಿದ್ದಳು. “ಮೊದಲು ನೀನು ನಂದು ತೆಗಿ. ಚೆನ್ನಾಗಿ ಬಂದ್ರೆ ಆಮೇಲೆ ನಿಂದು ನಾನು ತೆಗೀತೀನಿ.”

“ಆಂಟಿ, ನಗಿ ಸ್ವಲ್ಪ. ಬಟ್ಟೆ ಹಿಂದೆ ನಕ್ಕರೂ ನಂಗೆ ಗೊತ್ತಾಗತ್ತೆ!” ಎನ್ನುತ್ತಿದ್ದಳು ಆರಾಧನಾ. ಅಜ್ಜಿಯ ಬರಿಗೈ ಕಂಡದ್ದೇ ನಗು ನಿಂತಿತು. “ಜಡೆ ಎಲ್ಲಿ?”

ವಿಷಯ ತಿಳಿದು ಹುಡುಗಿ ಕ್ಯಾಮೆರಾವನ್ನು ಸುಪ್ರಜಾಳ ಕೈಗೆ ಕೊಟ್ಟಳು. “ಹೋಗ್ಲಿ ಬಿಡಜ್ಜಿ. ಹೀಗೇ ತೆಗೀಲಿ. ಹೇನು ಬಾಚೋ ಕೆಲಸವಂತೂ ತಪ್ಪಿತು ನಿಂಗೆ.”

“ಬೇಡ ಪುಟ್ಟಿ, ಕೂದಲು ಬಂದ ಮೇಲೆ ತೆಗೆಸೋಣ,” ಎಂದರು ಗಿರಿಜಾಂಬಾ, ಅವಳ ತಲೆಯ ಸ್ಕಾರ್ಫನ್ನು ಕಿವಿಯವರೆಗೆ ಎಳೆಯುತ್ತ.

ಆರಾಧನಾ ಗೋಡೆಯ ಕಡೆ ತಿರುಗಿದಳು. “ಅಮ್ಮಾ, ಅಜ್ಜಿಗೆ ನನ್ನ ನೋಡಕ್ಕೆ ಆಗಲ್ಲ. ಬಂದಾಗೆಲ್ಲ ತಲೆ ಮುಚ್ತಾರೆ. ಒಂದ್ಸಲಾನೂ ಮುಟ್ಟಿಲ್ಲ.”

ಕೋಕಿಲಾ ಮಗಳ ಬೆನ್ನು ಸವರುತ್ತ ಕೂತಳು.

ಸುಪ್ರಜಾ ಎದ್ದು ಗಿರಿಜಾಂಬಾ ಅವರನ್ನು ಕಾರಿಡಾರಿನ ಬೆಂಚಿಗೆ ಕರೆತಂದಳು. ಬಾಟಲಿಯಿಂದ ನೀರು ಬಗ್ಗಿಸಿ ಕೊಟ್ಟು, ಅವರು ಕುಡಿಯುವವರೆಗೂ ಕಾದಳು.

“ನಿಮ್ಮಪ್ಪ ಹಳೇ ಫೋಟೋಗಳಿಗೆ ಏನೇನೋ ತಿದ್ದಿ ಕೊಡ್ತಿದ್ರು,” ಎಂದರು ಗಿರಿಜಾಂಬಾ. “ಕೋಟಿಲ್ಲದೋರಿಗೆ ಕೋಟು, ಪೇಟ ಇಲ್ಲದೋರಿಗೆ ಪೇಟ. ನೀನೂ ಕೂದಲು ಬರೆದು ಕೊಡು ಸುಪ್ರಜಾ. ಆಗ ತೆಗಿ, ಬೇಡ ಅನ್ನಲ್ಲ.”

“ಬರೆಯೋದೇನು ಕಷ್ಟ ಅಲ್ಲಮ್ಮ. ಆದ್ರೆ ಫೋಟೋ ಅವಳ ಕೈಗೆ ಹೋದಾಗ ಏನು ಅಂದ್ಕೋತಾಳೆ? ತಾನು ಇರೋ ಹಾಗೆ ಅಜ್ಜಿಗೆ ಬೇಡ ಅಂತ ತಾನೆ?”

“ನೀನು ಗುರುವಾರ ಬಂದು ಹೋಗ್ತೀಯ. ಊರಿನವರ ಕಣ್ಣು ಎದುರಿಸಬೇಕಾದೋರು ನಾವು.” ಅವರ ದನಿ ಒಡೆಯಿತು. “ಹೆಣ್ಣುಮಗುವಿನ ಬೋಳುತಲೆ ಕಣೇ ಅದು. ನನ್ನ ಕಾಲದಲ್ಲಿ ಬೋಳುತಲೆ ಅಂದ್ರೆ ಏನು ಅರ್ಥ, ಗೊತ್ತಾ ನಿಂಗೆ?”

“ಗೊತ್ತಮ್ಮ. ಭಯ ಆಗೋದು ತಪ್ಪಲ್ಲ.” ಸುಪ್ರಜಾ ಅವರ ಪಕ್ಕದಲ್ಲಿ ಕೂತಳು. “ಮತ್ತಿಕೆರೆಯಿಂದ ಒಬ್ಬ ಹುಡುಗ ಸ್ಟುಡಿಯೋಗೆ ಬಂದಿದ್ದ. ಪಿಯುಸಿ ಓದ್ತಾನೆ, ಗುಂಡುಕಲ್ಲಿನ ಹಾಗಿದಾನೆ. ಚಿಕ್ಕವನಿದ್ದಾಗ ನಮ್ಮ ಪೇಟೆಯಲ್ಲೇ ಇದ್ದನಂತೆ, ಆಗ ಇದೇ ಕಾಯಿಲೆ ಆಗಿತ್ತಂತೆ. ‘ಆಗಿನ ನನ್ನ ಫೋಟೋ ನಿಮ್ಮ ಹತ್ರ ಏನಾದ್ರೂ ಇದೆಯಾ ಮೇಡಂ? ಮನೇಲಿ ಒಂದೂ ತೆಗೆದಿಲ್ಲ. ಆಲ್ಬಮ್ ನೋಡಿದ್ರೆ ಆ ವರ್ಷ ನಾನು ಮನೇಲಿ ಇರಲೇ ಇಲ್ಲ ಅನ್ಸತ್ತೆ’ ಅಂದ. ಕಾಯಿಲೆ ಬಂತು ಅಂದ ಕೂಡಲೇ ಎಲ್ಲರೂ ಕ್ಯಾಮೆರಾ ಬೀರುವಿನಲ್ಲಿ ಇಟ್ಟುಬಿಡ್ತಾರಮ್ಮ. ಆ ಮಗು ಜೀವನದಲ್ಲೇ ಅತಿ ಧೈರ್ಯವಾಗಿ ಇರೋ ಹೊತ್ತಿನಲ್ಲಿ! ಅದರ ಮುಂದಿನ ಗುರುವಾರದಿಂದ ನಾನು ಇಲ್ಲಿಗೆ ಬರ್ತಿದೀನಿ.”

ಅಷ್ಟು ಹೇಳಿ ಅವಳು ಒಳಗೆ ಹೋದಳು. ಗಿರಿಜಾಂಬಾ ಬೆಂಚಿನ ಮೇಲೆ ಒಬ್ಬರೇ ಉಳಿದರು.

ಅವರಿಗೆ ಗೋದಾ ಅತ್ತೆ ನೆನಪಾದರು. ತಂದೆಯ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯ ಸೆರಗನ್ನು ಹಣೆಯವರೆಗೂ ಎಳೆದುಕೊಂಡೇ ಬಾಳಿದವರು. ಅಣ್ಣನ ಉಪನಯನದ ದಿನ ಫೋಟೋದವನು ಬಂದಾಗ ಮನೆಯವರೆಲ್ಲ ಚಪ್ಪರದ ಕೆಳಗೆ ಸಾಲಾಗಿ ನಿಂತಿದ್ದರು. ಆ ಜನಕ್ಕೆಲ್ಲ ಅಡುಗೆ ಮಾಡಿದ ಗೋದಾ ಅತ್ತೆಯನ್ನು ಮಾತ್ರ ಹಿತ್ತಲಿಗೆ ಕಳಿಸಿದ್ದರು. ಕಾವಲಿಯಿಂದ ಬಿಸಿ ಬಿಸಿ ಹೋಳಿಗೆ ಎತ್ತಿ ಅಂಗೈಗೆ ಇಡುತ್ತಿದ್ದ ಆ ಕೈ ಗಿರಿಜಾಂಬಾ ಅವರಿಗೆ ಇಂದಿಗೂ ನೆನಪಿದೆ. ಎಷ್ಟು ಯೋಚಿಸಿದರೂ ಮುಖ ನೆನಪಿಗೆ ಬರುವುದಿಲ್ಲ. ತೆಗೆದು ನೋಡೋಣವೆಂದರೆ ಒಂದು ಚಿತ್ರವೂ ಇಲ್ಲ.

ಅವರು ಎದ್ದರು. ನಲ್ಲಿಯಲ್ಲಿ ಕೈ ತೊಳೆದರು. ನರ್ಸ್ ಕೊಟ್ಟ ಬಟ್ಟೆಯನ್ನು ಮುಖಕ್ಕೆ ಕಟ್ಟಿಕೊಂಡು ಮೊಮ್ಮಗಳ ಹಾಸಿಗೆಯ ಬಳಿ ನಿಂತರು.

“ಪುಟ್ಟಿ, ಈ ಕಡೆ ತಿರುಗು. ನೆಟ್ಟಗೆ ಕೂತ್ಕೋ.”

ಜಡೆ ಹಾಕುವ ಮುಂಚೆ ಬೀದಿಯ ಮಕ್ಕಳನ್ನು ಕೂರಿಸುತ್ತಿದ್ದ ಹಾಗೆಯೇ ಗಲ್ಲ ಹಿಡಿದು ಮುಖ ಎತ್ತಿದರು. ಸ್ಕಾರ್ಫಿನ ಗಂಟು ಬಿಚ್ಚಿದರು. ಅಂಗೈಯನ್ನು ತಲೆಯ ಮೇಲಿಟ್ಟರು. ತಲೆ ಬೆಚ್ಚಗಿತ್ತು, ಆಗಷ್ಟೇ ಹುಟ್ಟಿ ಮಡಿಲಿಗೆ ಬಂದಿದ್ದಾಗ ಇದ್ದ ಹಾಗೆಯೇ.

ಆರಾಧನಾ ಮೆಲ್ಲಗೆ ಕೇಳಿದಳು, “ಹೇಗಿದೆ ಅಜ್ಜಿ?”

“ನಿಮ್ಮ ತಾತನ ತಲೆ ಹಾಗೇ ಇದೆ ಕಣೇ, ಅದೇ ನುಣುಪು! ಅವರು ಮಾತ್ರ ದಿನಾ ಎಣ್ಣೆ ಹಚ್ಚಿ ಕೂದಲು ಬರತ್ತೆ ಅಂತ ಕಾಯ್ತಿದ್ರು, ಪಾಪ.”

ಪಕ್ಕದ ಹಾಸಿಗೆಯವರೂ ನಕ್ಕರು. “ಆಂಟಿ, ಜಡೆ ಇಲ್ದಿದ್ರೂ ಹಿಂದೆ ಕನ್ನಡಿ ಇಡಿ. ಅದಿಲ್ದೆ ಇದ್ರೆ ನಂದು ಯಾವ ಸೀಮೆ ಮೊಗ್ಗಿನ ಜಡೆ ಫೋಟೋ!” ಎಂದು ಹುಡುಗಿ ಹಟ ಹಿಡಿದಳು. ಜಡೆಗೆಂದು ಆಟೋದಲ್ಲಿ ತಂದಿದ್ದ ಸ್ಟುಡಿಯೋ ಕನ್ನಡಿಯನ್ನು ಸುಪ್ರಜಾ ಒರೆಸಿ ನಿಲ್ಲಿಸಿದಳು. ನಗು ಎನ್ನಲಿಲ್ಲ, ಅಲುಗಾಡಬೇಡ ಎನ್ನಲಿಲ್ಲ. ಮೊಣಕಾಲೂರಿ, ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿದು, ಅವಳ ಮಾತೆಲ್ಲ ಮುಗಿಯುವವರೆಗೂ ಕಾದಳು.

ಮುಂದಿನ ವಾರ ಫೋಟೋ ಕಟ್ಟು ಹಾಕಿಸಿಕೊಂಡು ಮನೆಗೆ ಬಂತು. ಹುಡುಗಿ ಕತ್ತು ಸ್ವಲ್ಪ ಹೊರಳಿಸಿ ಮುಂದಿನ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದಳು. ಹಿಂದಿನ ಕನ್ನಡಿಯಲ್ಲಿ ಅವಳ ನುಣ್ಣನೆಯ ತಲೆಯ ಪಕ್ಕ ಬಟ್ಟೆ ಕಟ್ಟಿದ ಒಂದು ಮುದಿಮುಖ ಚಿಕ್ಕದಾಗಿ ಕಾಣುತ್ತಿತ್ತು. ಕ್ಯಾಮೆರಾದ ಬದಿಯಲ್ಲಿ ನಿಂತು ಮೊಮ್ಮಗಳನ್ನೇ ನೋಡುತ್ತಿದ್ದ ಗಿರಿಜಾಂಬಾ ಅವರಿಗೆ ತಾವೂ ಚಿತ್ರದೊಳಗೆ ಬಿದ್ದದ್ದು ಗೊತ್ತೇ ಆಗಿರಲಿಲ್ಲ.

“ರೂಮಿನಲ್ಲಿ ಹಾಕ್ಲಾ ಅತ್ತೆ?” ಎಂದಳು ಕೋಕಿಲಾ.

“ಬೇಡ. ನಡುಮನೆಯಲ್ಲಿ, ಬೀದಿ ಬಾಗಿಲಿಗೆ ಎದುರಾಗಿ ಹೊಡಿ ಮೊಳೆ.”

ಮೊಳೆ ಹೊಡೆದು ಸರಿಯಾಗಿ ಕೈ ತೊಳೆದಿರಲಿಲ್ಲ, ಗ್ಯಾಸ್ ಸಿಲಿಂಡರ್ ಹೊತ್ತು ಬೈರಯ್ಯ ಬಂದ. ಬಾಗಿಲಲ್ಲೇ ನಿಂತು ಗೋಡೆ ನೋಡಿದ.

“ಯಾರಮ್ಮ ಈ ಹುಡುಗ? ನಗು ಬಲು ಚೆಂದ.”

ಬಾಗಿಲು ತೆರೆದೇ ಇತ್ತು. ಎದುರುಮನೆಯಲ್ಲಿ ಯಾರೋ ಒಗೆದ ಬಟ್ಟೆ ಕೊಡವುತ್ತಿದ್ದ ಸದ್ದು. ಗಿರಿಜಾಂಬಾ ದನಿ ತಗ್ಗಿಸಲಿಲ್ಲ.

“ಹುಡುಗ ಅಲ್ಲಪ್ಪ, ನನ್ನ ಮೊಮ್ಮಗಳು ಆರಾಧನಾ. ಇದೇ ಊರಲ್ಲಿ ಆಸ್ಪತ್ರೇಲಿದಾಳೆ. ಬ್ಲಡ್ ಕ್ಯಾನ್ಸರ್. ಔಷಧಿಗೆ ಕೂದಲು ಹೋಗಿದೆ.”

ಬೈರಯ್ಯ ಸಿಲಿಂಡರನ್ನು ಸದ್ದಾಗದಂತೆ ನೆಲಕ್ಕಿಳಿಸಿದ. ಹೆಗಲ ಟವಲಿನಿಂದ ಕೈ ಒರೆಸಿಕೊಂಡ.

“ಅಂಥ ಮಕ್ಕಳಿಗೆ ರಕ್ತ ಬೇಕಾಗತ್ತಂತಲ್ಲಮ್ಮ. ನಂದು ಯಾವ ಗುಂಪೋ ನಂಗೊತ್ತಿಲ್ಲ. ಎಲ್ಲಿಗೆ ಬರಬೇಕು ಹೇಳಿ.”