ನಿದ್ದೆ ಬರಿಸುವ ಗಾಳಿ

ವಾಡಿ ಸ್ಟೇಷನ್ನಿನಲ್ಲಿ ಹೈದರಾಬಾದಿಗೆ ಹೋಗುವ ಗಾಡಿ ಬಂದು ನಿಂತರೂ ಜೈತುನ್ಬೀ ಸೊಸೆ ಜಬೀನ್‌ಳ ಚೀಲ ಬಿಡಲಿಲ್ಲ.

"ಗ್ಯಾಸ್ ಕೊಟ್ಟು ಮಲಗಸ್ತಾರ. ನನ್ನ ಮುಕ್ರಮಗೂ ಹಂಗೇ ಮಲಗಿಸಿದ್ರು. ಹೊಳ್ಳಿ ಏಳಲಿಲ್ಲ."

ಮುಕ್ರಮ ಜಬೀನ್‌ಳ ಮೈದುನ. ಸಣ್ಣವನಿದ್ದಾಗ ಆಪರೇಷನ್ನಿಗೆಂದು ಹೋಗಿ ತೀರಿಕೊಂಡಿದ್ದ. ಅತ್ತೆಯ ಅಂಜಿಕೆ ಸುಳ್ಳಲ್ಲ. ಆದರೆ ಹೆಗಲ ಮೇಲಿದ್ದ ಮಗಳು ಮಹೆವಿಶಳ ಹೃದಯದಲ್ಲಿ ರಂಧ್ರವಿದ್ದದ್ದೂ, ತುಟಿ ನೀಲಿಗಟ್ಟಿದ್ದೂ ಸುಳ್ಳಾಗಿರಲಿಲ್ಲ. ಮನೆಯ ಅಂಗಳ ದಾಟುವಷ್ಟರಲ್ಲೇ ಹುಡುಗಿ ಕುಕ್ಕರಗಾಲಲ್ಲಿ ಕೂತು ತೇಕುತ್ತಿದ್ದಳು.

"ಚೀಲ ನೀವೇ ಇಟ್ಕೋರಿ, ಅಮ್ಮೀ. ಕೂಸಿನ ಮಾತ್ರ ಬಿಡಂಗಿಲ್ಲ," ಎಂದು ಜಬೀನ್ ಗಾಡಿ ಹತ್ತಿದಳು. ಗಂಡ ಮತೀನ ತಾಯಿಯ ಮುಖ ನೋಡಿ, ತಲೆ ತಗ್ಗಿಸಿ, ಹಿಂದೆಯೇ ಹತ್ತಿದ.

ಹೈದರಾಬಾದಿನ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರ್ ಶ್ರುತಿ ಸೇಡಂ ಕಡೆಯವಳು, ಇವರದೇ ಮಾತಿನವಳು. ಜಬೀನ್ ಸುತ್ತಿ ಬಳಸದೆ ಕೇಳಿದಳು: "ಗ್ಯಾಸಿನಿಂದ ನಮ್ಮ ಮೈದುನ ಸತ್ತ ಅಂತಾರ. ನೀವೂ ಅದನ್ನೇ ಕೊಡ್ತೀರಿ. ಖರೇ ಹೇಳ್ರಿ."

"ಆಗ ಏನಾತೋ ನಂಗ ಗೊತ್ತಿಲ್ಲಮ್ಮ. ಈಗ ಉಸಿರು, ಎದಿ ಬಡಿತ ಕ್ಷಣಕ್ಷಣಕ್ಕ ನೋಡಾಕತ್ತಿರ್ತೀವಿ. ರಂಧ್ರ ಮುಚ್ಚಲಿಕ್ಕ ಹೃದಯ ನಿಲ್ಲಸಬೇಕು; ಅಷ್ಟೊತ್ತು ಮೈಗೆ ರಕ್ತ ಮಷೀನೇ ಓಡಸ್ತದ. ನಿಂತಾಗ ಅದರ ಸ್ನಾಯುವಿಗೆ ರಕ್ತ ಸಿಗಂಗಿಲ್ಲ, ಪೆಟ್ಟು ಬೀಳ್ತದ. ಅದಕ್ಕ ತಣ್ಣನ ಔಷಧ ಹಾಕ್ತೀವಿ. ಈ ಗ್ಯಾಸು ಬರೇ ನಿದ್ದಿಗಲ್ಲ, ಆ ಪೆಟ್ಟು ತಡಕೊಳ್ಳಲಿಕ್ಕೂ ಮದತ್ ಮಾಡಬಹುದು ಅಂತಾರ. ಆದ್ರ ಖಾತ್ರಿ ಕೊಡಂಗಿಲ್ಲ."

"ಖಾತ್ರಿ ಬ್ಯಾಡ. ಗ್ಯಾಸ್ ಮೂಗಿಗೆ ಹಿಡಿಯುವಾಗ ನಾನೂ ಬಾಜೂಕ ಇರ್ತೀನಿ."

"ಒಳಗ ತಾಯಂದಿರು ಬರೂ ರೂಢಿ ಇಲ್ಲಿಲ್ಲ."

"ಹಂಗಾದ್ರ ಇವತ್ತಿಂದ ಶುರು ಮಾಡ್ರಿ."

ಶ್ರುತಿ ಹಿರಿಯ ಸರ್ಜನ್ನರ ಹತ್ತಿರ ವಾದ ಮಾಡಲು ಹೋದಳು. ಮರುದಿನ ಬೆಳಿಗ್ಗೆ ಜಬೀನ್‌ಗೆ ಹಸಿರು ನಿಲುವಂಗಿ ತೊಡಿಸಿ ಒಳಗೆ ಕರೆದೊಯ್ದರು.

ಮುಖದ ಮೇಲೆ ಮಾಸ್ಕ್ ಬಂದದ್ದೇ ಮಹೆವಿಶ ಕೊಸರಾಡಿದಳು. "ಊದು ಬೇಟಾ, ಪುಗ್ಗಾ ಊದಿದಂಗ ಊದು," ಎಂದು ಜಬೀನ್ ಬಲೂನು ಊದುವಂತೆ ಕೆನ್ನೆ ಉಬ್ಬಿಸಿ ತೋರಿಸಿದಳು. ಊದುತ್ತ ಊದುತ್ತ ರೆಪ್ಪೆಗಳು ಜೋತುಬಿದ್ದವು, ತಾಯಿಯ ಬೆರಳು ಹಿಡಿದಿದ್ದ ಕೈ ಸಡಿಲಾಯಿತು. ಜಬೀನ್ ಆ ಕೈಯನ್ನು ಹೊದಿಕೆಯೊಳಗೆ ಸೇರಿಸಿದಳು. ಕಣ್ಣೀರು ಬಾಗಿಲಾಚೆ ಬಂದ ಮೇಲೆಯೇ ಹರಿಯಿತು.

ಮಧ್ಯಾಹ್ನ ಇಳಿದ ಮೇಲೆ ಶ್ರುತಿ ಟೊಪ್ಪಿಗೆ ಕಳಚುತ್ತ ಹೊರಬಂದಳು. "ಹೃದಯ ತಾನಾಗೇ ಬಡಿಯಾಕತ್ತದ. ಜೋರು ಅದ."

ಹುಡುಗಿಗೆ ಎಚ್ಚರವಾದ ದಿನ ಮತೀನ ಮನೆಗೆ ಫೋನ್ ಹಚ್ಚಿ ಹೆಂಡತಿಯ ಕೈಗೆ ಕೊಟ್ಟ.

"ತುಟಿ ಕೆಂಪಗಾಗ್ಯಾವ, ಅಮ್ಮೀ. ನನ್ನ ಮ್ಯಾಲ ಸಿಟ್ಟಿದ್ರ ಇರಲಿ. ಗಾಡಿ ಹತ್ತಿ ಬಂದು ಮೊಮ್ಮಗಳ ಮುಂದ ಕುಂತು ಬೈರಿ."

ಆ ಕಡೆಯಿಂದ ಬಿಕ್ಕುವ ಸದ್ದು ಬಂತು. ಜಬೀನ್ ಫೋನ್ ಇಡಲಿಲ್ಲ. ತಪ್ಪಾಯಿತು ಅಂತಲೂ ಅನ್ನಲಿಲ್ಲ.