ಕಡಲಾಚೆ ಬಿದ್ದ ಎಣ್ಣೆ

ಅಲ್ಲೊಬ್ಬ ರಾಜನಿದ್ದನಂತೆ. "ಅಮಾವಾಸ್ಯೆಯೊಳಗೆ ನನ್ನ ಕಣಜ ತುಂಬಿಸು, ತೋಪು ನಿನ್ನದು" ಎಂದು ಒಬ್ಬ ಬಡ ಹುಡುಗಿಗೆ ಮಾತು ಕೊಟ್ಟನಂತೆ. ಹುಡುಗಿ ಕಾಳು ಹೊತ್ತು ತಂದಳು. ಅಷ್ಟರಲ್ಲಿ ರಾಜ ಕಣಜದ ಬಾಗಿಲು ಹಾಕಿಸಿಬಿಟ್ಟ.

ನಮ್ಮಜ್ಜಿ ಬೆಟ್ಟಮ್ಮ ಕತೆಯನ್ನು ಯಾವಾಗಲೂ ಇಲ್ಲಿಗೇ ನಿಲ್ಲಿಸುತ್ತಿದ್ದಳು. ಆಮೇಲೆ ಎಂದರೆ, "ನಂಗೂ ಗೊತ್ತಿಲ್ಲ ಕಣವ್ವ" ಎನ್ನುತ್ತಿದ್ದಳು.

ಎರಡು ಸಾವಿರದ ಎಂಟನೇ ಇಸವಿ. ಶಾಂತಿಗ್ರಾಮದಾಚೆ ನಮ್ಮೂರಿನ ಗುಂಡುತೋಪಿನ ತುಂಬ ಹೊಂಗೆ ಮರ. ಅದರ ಬೀಜದಿಂದ ಡೀಸೆಲ್ ಮಾಡುತ್ತೇವೆಂದು ಮಿಲ್ಲಿನವರು ಬಂದರು. ಪಂಚಾಯ್ತಿಯಲ್ಲಿ ಕಾಗದವಾಯಿತು: ದೀಪಾವಳಿ ಅಮಾವಾಸ್ಯೆಯೊಳಗೆ ಹೆಂಗಸರು ನಲವತ್ತು ಮೂಟೆ ಬೀಜ ತಲುಪಿಸಿದರೆ ತೋಪು ಹತ್ತು ವರ್ಷ ಅವರದು, ತಪ್ಪಿದರೆ ಮಿಲ್ಲಿನದು. ಬೇಸಿಗೆಯಿಂದ ಹನ್ನೊಂದು ಹೆಂಗಸರು ಕಾಯಿ ಆಯ್ದರು, ಬಡಿದರು, ಬೀಜ ಬಿಡಿಸಿದರು. ಅಜ್ಜಿಯ ಉಗುರುಗಳು ಎದ್ದುಬಂದವು. ಮುದ್ದೆ ಮುರಿಯಲೂ ಆಗುತ್ತಿರಲಿಲ್ಲ.

ಅಮಾವಾಸ್ಯೆಯ ಬೆಳಗ್ಗೆ ನಲವತ್ತು ಮೂಟೆ ಹೇರಿ ಗಾಡಿ ಕಟ್ಟಿಕೊಂಡು ಹೋದೆವು. ಪಂಚಾಯ್ತಿ ಮೆಂಬರ್ ರುದ್ರಯ್ಯನೂ ಜೊತೆಗಿದ್ದ. ಮಿಲ್ಲಿನ ಗೇಟಿಗೆ ಬೀಗ. ಒಳಗಿಂದಲೇ ಏಜೆಂಟ್ ಮೋಹನ್‌ಕುಮಾರ್ ಕೂಗಿದ:

"ವಾಪಸ್ ಹೋಗ್ರಮ್ಮ. ಎಣ್ಣೆ ಬಿದ್ದೋಯ್ತು."

"ಅಯ್ಯೋ, ಎಲ್ಲಿ ಬಿತ್ತಪ್ಪಾ? ಬಳ್ಕೊಳಕ್ಕಾಗ್ನಿಲ್ವಾ?" ಎಂದಳು ಅಜ್ಜಿ.

ಅವನು ನಕ್ಕ. "ಬೆಲೆ ಕಣಜ್ಜಿ! ಕಡಲಾಚೆ ಕಚ್ಚಾ ಎಣ್ಣೆ ಬೆಲೆ ಬಿತ್ತು. ಅದು ಅಗ್ಗ ಆದ್ಮೇಲೆ ಹೊಂಗೆ ಎಣ್ಣೆ ಯಾರಿಗ್ಬೇಕು? ಕೊಳ್ಳೋರು ಬಿಟ್ರು, ಬ್ಯಾಂಕ್ನೋರು ಮಿಲ್ಲಿಗೆ ಸಾಲ ನಿಲ್ಲಿಸಿದ್ರು."

"ಅಲ್ಲಿ ಬಿದ್ರೆ ಇಲ್ಲಿ ನಮ್ ಮಂಡಿ ಯಾಕ್ಲಾ ತರಚ್ತು?" ಅಜ್ಜಿ ಕೇಳಿದಳು.

"ಅಂಗಾರೆ ತೋಪು?" ಎಂದಳು ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ.

"ಬೀಜ ತಲುಪಲಿಲ್ವಲ್ಲ, ತೋಪು ಮಿಲ್ಲಿಂದೇ. ರಾಮನಾಥಪುರದಲ್ಲಿ ಹೊಗೆಸೊಪ್ಪು ಬೇಯ್ಸೋರಿಗೆ ಸೌದೆ ಬೇಕಂತೆ. ನಾಳೆ ಕುಯ್ಯೋರು ಬತ್ತಾರೆ. ನಮ್ ನಷ್ಟ ಎಲ್ಲಾದ್ರೂ ತುಂಬ್ಕೋಬೇಕಲ್ಲ."

ಚಿಕ್ಕಲಕ್ಷ್ಮಮ್ಮ ತೋಪಿನ ಕಡೆ ತಿರುಗಿ ನೋಡಿದಳು. ಮುಂದೆ ಬೀಗ, ಹಿಂದೆ ಗರಗಸ.

"ಕಾಗ್ದ ಓದವ್ವ" ಎಂದಳು ಅಜ್ಜಿ ನನಗೆ.

"ಮೂಟೆಗಳನ್ನು ಮಿಲ್ಲಿನ ಅಂಗಳಕ್ಕೆ ತಲುಪಿಸತಕ್ಕದ್ದು" ಎಂದು ಓದಿದೆ.

"ಗೇಟಿಂದ್ಲೇ ಅಂತ ಬರ್ದದಾ?"

"ಇಲ್ಲಜ್ಜಿ. ಅಂಗಳ ಅಂತ ಅಷ್ಟೆ."

ಅಜ್ಜಿ ಸೆರಗು ಸಿಕ್ಕಿಸಿ ಗಾಡಿ ಹತ್ತಿದಳು. "ರುದ್ರಯ್ಯ, ಗಾಡಿ ಗ್ವಾಡೆ ಮಗ್ಗುಲಿಗೆ ಒಡಿಯಪ್ಪ. ನೀನೇ ಸಾಕ್ಸಿ."

ಇಬ್ಬಿಬ್ಬರು ಹಿಡಿದು ಎತ್ತಿದರು. ಮೊದಲ ಮೂಟೆ ಗೋಡೆ ದಾಟಿ ಅಂಗಳಕ್ಕೆ ಧೊಪ್ಪೆಂದಿತು.

"ಲಾಭ!" ಎಂದಳು ಚಿಕ್ಕಲಕ್ಷ್ಮಮ್ಮ. ಕಣದಲ್ಲಿ ರಾಗಿ ಅಳೆಯುವಾಗ ಒಂದು ಎನ್ನದೆ ಲಾಭ ಎನ್ನುತ್ತೇವಲ್ಲ, ಆ ರೂಢಿ. ಹೇಳಿ ತಾನೇ ಬಾಯಿ ಮುಚ್ಚಿಕೊಂಡಳು. ಯಾರೂ ನಗಲಿಲ್ಲ.

"ಒಂದು ಕಾಸೂ ಸಿಗಲ್ಲ, ನೋಡ್ಕೊಳ್ಳಿ!" ಮೋಹನ್‌ಕುಮಾರ್ ಕಿರುಚಿದ.

"ಗೊತ್ತು ಕಣ್ಲಾ. ಮರ ಮುಟ್ಬ್ಯಾಡ, ಅಷ್ಟೆ. ಎಣಿಸು!"

ಎರಡು. ಮೂರು. ಆರು ತಿಂಗಳ ದುಡಿಮೆ ಗೋಡೆಯಾಚೆ ಬೀಳುತ್ತಿತ್ತು. ನಮ್ಮ ಕಣ್ಣಲ್ಲಿ ನೀರು, ಆದರೂ ಕೈ ನಿಲ್ಲಲಿಲ್ಲ. ದಾರಿಹೋಕರು ನಿಂತರು. ಅವರೂ ಎಣಿಸತೊಡಗಿದರು.

ಕೊನೆಯ ಮೂಟೆಗೆ ಅಜ್ಜಿ ತಾನೇ ಕೈ ಹಾಕಿದಳು. ಇನ್ನೊಂದು ತುದಿ ನಾನು ಹಿಡಿದೆ.

"ನಲವತ್ತು."